ಬೋನಾಳದ ಕಾರಿನ ಚಾಸಿ ನಂಬರು

ಆಗುವುದಿಲ್ಲ ಎಂದವರು ನಮ್ಮ ಯಾದಗಿರಿ ಕಚೇರಿಯ ಹಿರಿಯ ಮೋಟಾರು ವಾಹನ ನಿರೀಕ್ಷಕರು. ಕೂದಲು ನೆರೆಯುವವರೆಗೂ ಬಾನೆಟ್ ಎತ್ತಿ ನೋಡಿದವರು. ಠಾಣೆಯಿಂದ ಬಂದ ಪತ್ರವನ್ನು, ಹೊಸದಾಗಿ ನಿರೀಕ್ಷಕಿಯಾಗಿ ಸೇರಿದ್ದ ನನ್ನ ಮೇಜಿನ ಮೇಲಿಟ್ಟು, ಕೂರದೆ ನಿಂತೇ ಹೇಳಿದರು.

"ಕಬ್ಬಿಣದಾಗಿಂದ ಅಳಿಸಿ ಹೋದ ನಂಬರು ಹೋದಂಗ, ತಂಗಿ. ಅದನ್ನ ಓದಿ ತಗೀತೀನಿ ಅಂದವರು ಯಾರೂ ಇಲ್ಲೀಮಟ ಓದಿಲ್ಲ. 'ಓದಲಿಕ್ಕೆ ಬರುವುದಿಲ್ಲ' ಅಂತ ಒಂದು ಸಾಲು ಬರದು ಕಳಿಸಿಬಿಡು. ನಿನಗೂ ಚಲೋ, ಕಚೇರಿಗೂ ಚಲೋ."

ನಾನು ಬರೆಯಲಿಲ್ಲ. ಪತ್ರದಲ್ಲಿದ್ದ ಕಾರಿನವನ ಮೇಲಿನ ಕರುಣೆಯಿಂದ ಬರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಅವನ ಮುಖ ನಾನಿನ್ನೂ ನೋಡಿರಲಿಲ್ಲ. ಅದು ನನ್ನ ಹಟ. ಮುದನಾಳದಲ್ಲಿ ಅಪ್ಪ, ಅವ್ವ ಇಬ್ಬರೂ ಮಂದಿ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ನಮ್ಮ ಮನೆತನದಲ್ಲಿ ಪದವಿ ಅಂತ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಕಲಿತದ್ದು ಯಾವುದೂ ನನಗೆ ಪುಕ್ಕಟೆ ಬಂದಿರಲಿಲ್ಲ. 'ಬರುವುದಿಲ್ಲ' ಎಂಬ ಮಾತಿನ ಕೆಳಗೆ ನನ್ನ ಸಹಿ ಬೀಳುವುದು ನನಗೆ ಬೇಕಿರಲಿಲ್ಲ.

ಪತ್ರದಲ್ಲಿ ಇದ್ದದ್ದು ಇಷ್ಟು. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ತಪಾಸಣೆ ಮಾಡುವಾಗ ಒಂದು ಬಿಳಿ ಕಾರನ್ನು ತಡೆದಿದ್ದಾರೆ. ಆರ್‌ಸಿಯಲ್ಲಿರುವ ಚಾಸಿ ನಂಬರಿಗೂ, ಗಾಡಿಯ ಕಬ್ಬಿಣದ ಮೇಲೆ ಅಚ್ಚೊತ್ತಿದ ನಂಬರಿಗೂ ತಾಳೆಯಾಗುತ್ತಿಲ್ಲ. ನಂಬರಿನ ಮೇಲೆ ಏನೋ ಸುರಿದಂತೆ ಕಬ್ಬಿಣ ತಿಂದು ಹೋಗಿದೆ. ಇದೇ ಮಾದರಿಯ, ಇದೇ ಬಣ್ಣದ ಕಾರೊಂದು ಬೇರೆ ಜಿಲ್ಲೆಯಲ್ಲಿ ಕಳುವಾಗಿದ್ದು ಇನ್ನೂ ಸಿಕ್ಕಿಲ್ಲ. ನಂಬರು ತಿದ್ದಿದ್ದಾರೋ ಇಲ್ಲವೋ ನೋಡಿ ಶುಕ್ರವಾರ ಮಧ್ಯಾಹ್ನದೊಳಗೆ ವರದಿ ಕೊಡಬೇಕು. ಅಂದು ಮಂಗಳವಾರ.

ಹನ್ನೊಂದಕ್ಕೆ ಠಾಣೆ ಮುಟ್ಟಿದೆ. ಬೇವಿನ ಗಿಡದ ಕೆಳಗೆ ಕಾರು ನಿಂತಿತ್ತು. ಪಿಎಸ್‌ಐ ಸಾಹೇಬರು ವಯಸ್ಸಿನಲ್ಲಿ ನನ್ನಷ್ಟೇ, ಮಾತಿನಲ್ಲಿ ಬಿರುಸು.

"ನೋಡ್ರಿ ಮೇಡಂ, ನನಗ ಸುತ್ತು ಬಳಸಿ ಮಾತಾಡಾಕ ಬರಾಂಗಿಲ್ಲ. ಆಸಿಡ್ ಹಾಕ್ಯಾರ. ಕಳ್ಳರು ಮಾಡೂದೇ ಹಂಗ. ನೀವು ಹೌದು ಅಂತ ಬರದು ಕೊಟ್ರ ಶುಕ್ರವಾರ ಎಫ್‌ಐಆರ್ ಹಾಕ್ತೀನಿ."

ಕಾರಿನವನು ಗಿಡದ ಆಚೆ ನಿಂತಿದ್ದ. ಬೋನಾಳದವನು, ಕೆರೆಯಲ್ಲಿ ಮೀನು ಹಿಡಿಯುವ ಮನೆಯವನು. ಅವನ ಪಕ್ಕದಲ್ಲಿ ಅವನಿಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ. ಸುರಪುರದ ಸಂತೆಯಲ್ಲಿ ಮೀನು ಮಾರುವವಳು. ಮಾತೆಲ್ಲ ಅವಳದೇ.

"ಮೇಡಂ, ಯಾದಗಿರಿ ಮಾಸ್ತರ ಕಡಿಂದ ತಗೊಂಡ ಗಾಡಿ ರೀ ಇದು. ಕಾಗದ ಎಲ್ಲಾ ಪಕ್ಕಾ ಅವ. ನಮ್ ತಮ್ಮಗ ಸರ್ಕಾರಿ ಬಸ್ ಡ್ರೈವರ್ ನೌಕ್ರಿ ಆಗ್ಯಾದ. ಪೊಲೀಸ್ ತಪಾಸಣಿ ಒಂದೇ ಬಾಕಿ. ಈಗ ಕೇಸು ಬಿತ್ತು ಅಂದ್ರ ಆ ನೌಕ್ರಿ ಹ್ವಾದಂಗೇ."

"ಏ ಅಕ್ಕ, ಸುಮ್ನಿರು ಜರಾ," ಎಂದ ಅವನು.

"ನೀ ಸುಮ್ನ ಇದ್ದಿದ್ದಕ್ಕೇ ಇಲ್ಲಿಗಿ ಬಂದದ. ನಾನೂ ಸುಮ್ನಿದ್ರ ಜೇಲಿಗಿ ಹೋಗ್ತದ."

ನಾನು ಬಾನೆಟ್ ಎತ್ತಿಸಿದೆ. ಈ ಮಾದರಿಯಲ್ಲಿ ಇಂಜಿನ್ನಿಗೂ ಡ್ರೈವರ್ ಕೂರುವ ಜಾಗಕ್ಕೂ ನಡುವೆ ಇರುವ ಕಬ್ಬಿಣದ ಗೋಡೆಯ ಮೇಲಂಚಿನಲ್ಲಿ ಚಾಸಿ ನಂಬರು ಇರುತ್ತದೆ. ಹದಿನೇಳು ಗುರುತು, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಬೆರೆಸಿದ್ದು. ಮರಳು ಕಾಗದ ಮುಟ್ಟಿಸಬಾರದು, ಉಳಿದದ್ದೂ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಒರೆಸಿದೆ. ಒಣಗಿದ ಮೇಲೆ ಸುಣ್ಣದ ಕಡ್ಡಿಯ ಪುಡಿ ಉದುರಿಸಿ ಬೆರಳಿನಿಂದ ತೀಡಿದೆ, ಗೆರೆಯ ಒಳಗೆ ಪುಡಿ ಕೂತು ಅಕ್ಷರ ಬೆಳ್ಳಗೆ ಕಾಣಲಿ ಎಂದು. ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಮಲಗಿಸಿ ಹಿಡಿದೆ. ಆಗ ನೆರಳು ಬಿದ್ದು ಗೆರೆ ಎದ್ದು ಕಾಣುತ್ತದೆ.

ಹದಿಮೂರು ಗುರುತು ಸಲೀಸಾಗಿ ಓದಿದೆ. ನಾಲ್ಕು ಓದಲಾಗಲಿಲ್ಲ. ಅದರಲ್ಲೂ ಕೊನೆಯ ಐದು ಅಂಕಿಗಳಲ್ಲಿ ಮೂರನೆಯದು ಆರ್‌ಸಿಯಲ್ಲಿ ಎಂಟು, ಕಬ್ಬಿಣದ ಮೇಲೆ ಮೂರರಂತೆ ಕಾಣುತ್ತಿತ್ತು. ಗಾಡಿಯಲ್ಲಿ ಕಂಪನಿಯ ತಗಡಿನ ಪಟ್ಟಿಯೂ ಇತ್ತು, ಅದರಲ್ಲಿ ನಂಬರು ಆರ್‌ಸಿಯಂತೆಯೇ ಪೂರ್ತಿ ಇತ್ತು. ಸಾಹೇಬರಿಗೆ ತೋರಿಸಿದೆ.

"ಪಟ್ಟಿ ಯಾರರ ಮಾಡಸ್ತಾರ್ರಿ, ಎರಡು ರಿವೆಟ್ ಹೊಡದ್ರ ಮುಗೀತು," ಎಂದರು. ಅದು ಸರಿಯಾದ ಮಾತೇ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನೋಟ್‌ಬುಕ್ ತೆಗೆದು ಆರ್‌ಸಿಯ ನಂಬರು ಬರೆದುಕೊಂಡು ಕಾಲೇಜಿನಲ್ಲಿ ಕಲಿತ ಲೆಕ್ಕ ಹಾಕಿದೆ. ಹದಿನೇಳರಲ್ಲಿ ಒಂಬತ್ತನೆಯದು ಕಾವಲು ಅಂಕಿ ಎಂದು ನಮಗೆ ಪಾಠ ಆಗಿತ್ತು. ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಪ್ರತಿ ಜಾಗಕ್ಕೂ ಒಂದು ತೂಕ. ಗುಣಿಸಿ, ಕೂಡಿಸಿ, ಹನ್ನೊಂದರಿಂದ ಭಾಗಿಸಿದರೆ ಉಳಿಯುವ ಶೇಷ ಆ ಒಂಬತ್ತನೆಯ ಜಾಗದಲ್ಲಿ ಇರಬೇಕು. ಇಲ್ಲವಾದರೆ ಯಾರೋ ನಂಬರು ಬದಲಿಸಿದ್ದಾರೆ ಎಂದರ್ಥ. ಇಲ್ಲಿ ನಾಲ್ಕು ಇತ್ತು. ನನಗೆ ಬಂದದ್ದು ಏಳು. ಎರಡನೇ ಸಲ ಹಾಕಿದೆ, ಏಳು. ಮೂರನೇ ಸಲವೂ ಏಳು.

ಎದೆ ಉಬ್ಬಿತು. ಹಿರಿಯರು ಆಗುವುದಿಲ್ಲ ಎಂದದ್ದನ್ನು ನಾನು ಬಸ್ಸಿನಲ್ಲಿ ಕೂತು ಮಾಡಿದ್ದೆ. ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ.

"ಸರ್, ಲೆಕ್ಕ ತಾಳೆ ಆಗ್ತಿಲ್ಲ. ಆರ್‌ಸಿಯಲ್ಲಿರೋ ನಂಬರೇ ನಕಲಿ ಇರೋ ಹಾಗೆ ಕಾಣ್ತದೆ."

"ಹೇಳಿದ್ದಿಲ್ಲೇನ್ರಿ ನಾ? ಭೇಷ್ ಮೇಡಂ, ಭೇಷ್."

ಆ 'ಭೇಷ್' ಯಾದಗಿರಿ ಬಸ್ ನಿಲ್ದಾಣ ಬರುವವರೆಗೂ ನನ್ನ ಕಿವಿಯಲ್ಲಿ ಇತ್ತು.

ಬುಧವಾರ ಬೆಳಿಗ್ಗೆ ಠಾಣೆಗೆ ಹೋದಾಗ ಕಾರಿನವನು ಗಿಡದ ಕೆಳಗೆ ಇರಲಿಲ್ಲ. ಒಳಗೆ ಬೆಂಚಿನ ಮೇಲೆ ಕೂತಿದ್ದ. ಚಪ್ಪಲಿ ಇರಲಿಲ್ಲ, ಬೆಲ್ಟು ಇರಲಿಲ್ಲ. ಬೆಳಗಾಗುತ್ತಲೇ ಮನೆಗೆ ಹೋಗಿ ಕರೆತಂದಿದ್ದರಂತೆ. ಅಕ್ಕ ಬಾಗಿಲಲ್ಲೇ ನನ್ನನ್ನು ತಡೆದಳು.

"ನೀವೇ ಫೋನ್ ಮಾಡಿದ್ರಂತ?"

ನಾನು ಹೌದು ಎಂದೆ.

"ಏನಂತ ಮಾಡಿದ್ರಿ? ಎಲ್ಲಾರೂ ಚಹಾ ಕುಡಿಯಾಕತ್ತಾಗ ಜೀಪ್ ಬಂತು ರೀ ನಮ್ ಓಣಿಗಿ. ಕಳ್ಳ ಬಾ ಹೊರಗ, ಅಂದ್ರು. ಹೆಸರು ಸುದ್ದಾ ಕರೀಲಿಲ್ಲ. ನಮ್ಮವ್ವ ಮಾತು ಬಿಟ್ಟಾಳ."

"ಲೆಕ್ಕ ಹಾಗೆ ಬಂದಿದೆ," ಎಂದೆ.

"ಲೆಕ್ಕ ನಿಮ್ಮದು, ಮನಷಾ ನಮ್ಮಂವ," ಎಂದಳು.

ಒಳಗೆ ಸಾಹೇಬರು ಬಿಳಿ ಹಾಳೆ ಮುಂದಿಟ್ಟರು. ಬರೆದು ಕೊಡಿ ಎಂದರು. ಪೆನ್ನು ತೆಗೆದೆ. ವರದಿ ಕೋರ್ಟಿಗೆ ಹೋಗುತ್ತದೆ, ಅಲ್ಲಿ ವಕೀಲರು ಈ ಲೆಕ್ಕ ಏನು ಎಂದು ಕೇಳುತ್ತಾರೆ. ಅಸಲಿ ಗಾಡಿಯೊಂದರ ಲೆಕ್ಕವನ್ನೂ ಜೊತೆಗೆ ಲಗತ್ತಿಸಿದರೆ ನನ್ನ ವರದಿ ಗಟ್ಟಿಯಾಗುತ್ತದೆ ಅನ್ನಿಸಿತು. "ಮಧ್ಯಾಹ್ನ ಬರೆದು ಕೊಡ್ತೀನಿ," ಎಂದು ಹೇಳಿ ಶಹಾಪುರಕ್ಕೆ ಹೋದೆ. ಅಲ್ಲಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇದೇ ಮಾದರಿಯ ಮೂರು ಕಾರು ನಿಂತಿದ್ದವು.

ಡ್ರೈವರುಗಳು ನನ್ನ ಗುರುತಿನ ಚೀಟಿ ನೋಡಿ ಗಾಬರಿಯಾದರು.

"ಮೇಡಂ, ಹೊಗಿ ಸರ್ಟಿಫಿಕೇಟ್ ನಿನ್ನೇ ಮುಗದದ ರೀ, ಇವತ್ತು ಮಾಡಸ್ತೀನಿ," ಎಂದ ಒಬ್ಬ, ನಾನು ಏನೂ ಕೇಳುವ ಮೊದಲೇ.

"ಅದಲ್ಲಪ್ಪ. ಬಾನೆಟ್ ಎತ್ತು, ಚಾಸಿ ನಂಬರು ಬರಕೊಂಡು ಹೋಗ್ತೀನಿ."

ಮೊದಲನೆಯ ಕಾರಿನ ನಂಬರು ಬರೆದುಕೊಂಡು ಕಾರಿನ ಬಾನೆಟ್ಟಿಗೇ ನೋಟ್‌ಬುಕ್ ಒತ್ತಿ ಲೆಕ್ಕ ಹಾಕಿದೆ. ತಾಳೆಯಾಗಲಿಲ್ಲ. ಅವಸರದಲ್ಲಿ ತಪ್ಪಿದೆ ಎಂದುಕೊಂಡೆ. ಎರಡನೆಯದು ಹಾಕಿದೆ. ತಾಳೆಯಾಗಲಿಲ್ಲ. ಬಿಸಿಲು ಕುತ್ತಿಗೆ ಸುಡುತ್ತಿತ್ತು, ಬೆವರು ಹಾಳೆಯ ಮೇಲೆ ಬಿತ್ತು. ಮೂರನೆಯದನ್ನು ಎರಡು ಸಲ ಹಾಕಿದೆ. ಅದೂ ಇಲ್ಲ. ಮೂರೂ ಕಾರು ಶೋರೂಮಿನಿಂದ ಹೊಸದಾಗಿ ಕೊಂಡವು, ಮೂವರು ಮಾಲೀಕರೂ ನನ್ನ ಎದುರಿಗೇ ಎಲೆ ಅಡಿಕೆ ಜಗಿಯುತ್ತ ನಿಂತಿದ್ದಾರೆ. ನನ್ನ ಲೆಕ್ಕದ ಪ್ರಕಾರ ಆ ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ಕಳ್ಳರು.

ಕಂಪನಿಯ ಡೀಲರ್ ವರ್ಕ್‌ಶಾಪಿಗೆ ಫೋನ್ ಹಚ್ಚಿದೆ. ಅಲ್ಲಿಯ ಮೇಲ್ವಿಚಾರಕ ನಕ್ಕ. "ಮೇಡಂ, ಆ ಕಾವಲು ಅಂಕಿ ಲೆಕ್ಕ ಅಮೆರಿಕಾಕ್ಕೆ ಹೋಗೋ ಗಾಡಿಗೆ ಕಡ್ಡಾಯ. ನಮ್ಮ ದೇಶದ ಗಾಡಿಗೆ ಕಡ್ಡಾಯ ಇಲ್ಲ. ನಮ್ಮ ಕಂಪನಿ ಒಂಬತ್ತನೇ ಜಾಗದಲ್ಲಿ ಗೇರ್‌ಬಾಕ್ಸ್ ಯಾವುದು ಅಂತ ಬರೀತದೆ."

ಪುಸ್ತಕದಲ್ಲಿ ಆ ಪಾಠದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ಇದ್ದಿರಬೇಕು. ನಾನು ಪರೀಕ್ಷೆಗೆ ಬರುವಷ್ಟು ಓದಿದ್ದೆ.

ಶಹಾಪುರದಿಂದ ಠಾಣೆಗೆ ದಾರಿ ದೊಡ್ಡದೇನಲ್ಲ. ಆ ದಾರಿಯಲ್ಲಿ ನನ್ನ ತಲೆಯಲ್ಲಿ ಎರಡು ಮಾತು ಜಗ್ಗಾಡಿದವು. ಹಿರಿಯ ನಿರೀಕ್ಷಕರು ಹೇಳಿದ 'ಓದಲಿಕ್ಕೆ ಬರುವುದಿಲ್ಲ' ಎಂಬ ಸಾಲು ಬರೆದುಬಿಟ್ಟರೆ ನನ್ನ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಗಾಡಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಉತ್ತರ ಬರಲು ತಿಂಗಳುಗಟ್ಟಲೆ ಆಗುತ್ತದೆ. ಅಷ್ಟರಲ್ಲಿ ಎಫ್‌ಐಆರ್ ಬಿದ್ದಿರುತ್ತದೆ, ಅವನ ನೌಕರಿ ಹೋಗಿರುತ್ತದೆ, ನಾನು ಸುರಕ್ಷಿತ. ಇಲ್ಲವೆಂದರೆ ಒಳಗೆ ಹೋಗಿ ತಪ್ಪು ಒಪ್ಪಿಕೊಳ್ಳಬೇಕು. ಹೊಸ ಕೆಲಸ, ಅದರಲ್ಲೂ ಹೆಣ್ಣುಮಗಳು, ಅದರಲ್ಲೂ ಕೂಲಿಯವರ ಓಣಿಯಿಂದ ಬಂದವಳು. ಒಂದು ತಪ್ಪು ಒಪ್ಪಿಕೊಂಡರೆ ಮುಂದೆ ನಾನು ಹಾಕುವ ಎಲ್ಲ ಸಹಿಯ ಮೇಲೂ ಅದು ಕೂರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಒಳಗೆ ಹೋದೆ. ಬೆಂಚಿನ ಮೇಲಿದ್ದವನಿಗೂ, ಬಾಗಿಲಲ್ಲಿದ್ದ ಅಕ್ಕನಿಗೂ ಕೇಳುವಂತೆ ಹೇಳಿದೆ.

"ಸರ್, ನಿನ್ನೆ ಫೋನಿನಲ್ಲಿ ಹೇಳಿದ್ದು ತಪ್ಪು. ಆ ಲೆಕ್ಕ ಈ ಗಾಡಿಗೆ ಹತ್ತುವುದಿಲ್ಲ. ಅದನ್ನು ವಾಪಸು ತಗೊಂಡೀನಿ ಅಂತ ಬರೆದು ಕೊಡ್ತೀನಿ."

ಸಾಹೇಬರು ಕುರ್ಚಿ ಹಿಂದೆ ಸರಿಸಿದರು. "ಏನ್ ಮೇಡಂ, ಹುಡುಗಾಟ ನಡಸೀರೇನು? ನಿನ್ನಿ ಒಂದು, ಇವತ್ತೊಂದು. ನಿಮ್ಮ ಮಾತಿನ ಮ್ಯಾಲ ಜೀಪ್ ಕಳಿಸೀನಿ ನಾ."

"ಹೌದ್ರಿ. ಅದು ನನ್ನಿಂದ ಆದ ತಪ್ಪು."

"ಹಂಗಾರ ಗಾಡಿ ಅಸಲಿ ಅದನೋ?"

"ಅದನ್ನೂ ಇನ್ನೂ ಹೇಳಲಿಕ್ಕೆ ಬರುವುದಿಲ್ಲ. ಶುಕ್ರವಾರದವರೆಗೆ ಟೈಮ್ ಇದೆ."

ಅವರು ಪೇದೆಯ ಕಡೆ ತಿರುಗಿ ಕಾರಿನವನಿಗೆ ಬೆಲ್ಟು ಕೊಡಲು ಹೇಳಿದರು. ಶುಕ್ರವಾರ ಹತ್ತಕ್ಕೆ ಹಾಜರಾಗಬೇಕು ಎಂದು ಬರೆಸಿಕೊಂಡು ಮನೆಗೆ ಬಿಟ್ಟರು. ನನಗೆ ಮಾತ್ರ, "ಇನ್ನೊಮ್ಮೆ ಹಿಂಗಾತಂದ್ರ ನಿಮ್ಮ ಮ್ಯಾಲಿನವರಿಗೆ ಬರೀತೀನಿ," ಎಂದರು. ಅಕ್ಕ ತಮ್ಮನ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟಳು. ಅವಳು ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು.

ಆ ಮಧ್ಯಾಹ್ನ ನಂಬರನ್ನು ಮೊದಲಿನಿಂದ ಓದಿದೆ, ಈ ಸಲ ಪುಸ್ತಕದಿಂದಲ್ಲ, ಡೀಲರ್ ಕಳಿಸಿದ ಕಂಪನಿಯ ಕೋಡ್ ಪಟ್ಟಿ ಇಟ್ಟುಕೊಂಡು. ಮೊದಲ ಮೂರು ಅಕ್ಷರ ದೇಶ ಮತ್ತು ಕಂಪನಿ. ನಮ್ಮ ದೇಶದ ಗಾಡಿಗಳು 'ಎಂ' ಎಂಬ ಅಕ್ಷರದಿಂದ ಶುರುವಾಗುತ್ತವೆ. ನಂತರದ ಆರು ಗಾಡಿಯ ಮೈಕಟ್ಟು, ಇಂಜಿನ್, ಗೇರ್‌ಬಾಕ್ಸ್. ಹತ್ತನೆಯದು ತಯಾರಾದ ವರ್ಷ, ಇಲ್ಲಿ 'ಎಚ್' ಇತ್ತು, ಅಂದರೆ ಎರಡು ಸಾವಿರದ ಹದಿನೇಳು. ಹನ್ನೊಂದನೆಯದು ಕಾರ್ಖಾನೆ, ಹನ್ನೆರಡನೆಯದು ಈ ಕಂಪನಿಯ ಪದ್ಧತಿಯಲ್ಲಿ ತಿಂಗಳು. ಉಳಿದದ್ದು ಗಾಡಿಯ ಸ್ವಂತ ಸಂಖ್ಯೆ.

ಗಾಡಿ ಆ ವರ್ಷ, ಆ ತಿಂಗಳಲ್ಲಿ ಹುಟ್ಟಿದ್ದೇ ಆದರೆ ಅದರ ಮೈಮೇಲೆ ಬೇರೆ ಕಡೆಯೂ ಆ ಕಾಲ ಬರೆದಿರುತ್ತದೆ. ಸೀಟ್ ಬೆಲ್ಟಿನ ಬುಡದಲ್ಲಿ ಹೊಲಿದ ಚೀಟಿ ನೋಡಿದೆ. ಚಾಸಿ ನಂಬರಿಗಿಂತ ಒಂದು ತಿಂಗಳು ಹಿಂದಿನದು, ಸರಿ. ಬಾಗಿಲುಗಳ ಗಾಜಿನ ಮೂಲೆಯಲ್ಲಿ ವರ್ಷದ ಗುರುತು ಇರುತ್ತದೆ, ನಾಲ್ಕೂ ಸರಿ. ಹಿಂದಿನ ಗಾಜು ಸರಿ. ಮುಂದಿನ ದೊಡ್ಡ ಗಾಜಿನ ಗುರುತನ್ನು ಒರೆಸಿ ಎರಡು ಸಲ ನೋಡಿದೆ. ಅದು ಮೂರು ವರ್ಷ ಈಚಿನದು. ಕಾರಿನವನಿಗೆ ಫೋನ್ ಮಾಡಿ ಕೇಳಿದೆ. ಕಂಕರ್ ಲಾರಿಯ ಹಿಂದೆ ಹೋಗುವಾಗ ಕಲ್ಲು ಸಿಡಿದು ಒಡೆಯಿತು ಎಂದ. ಬದಲಿಸಿದ ಅಂಗಡಿಯ ರಸೀತಿ ಆ ಸಂಜೆಯೇ ವಾಟ್ಸಾಪಿನಲ್ಲಿ ಬಂತು, ಕಾರಿನ ನಂಬರು ಅದರಲ್ಲಿ ಇತ್ತು. ಆದರೂ ಇವೆಲ್ಲ ಹೇಳುವುದು ಇಷ್ಟೇ, ಗಾಡಿ ಆ ತಿಂಗಳಿನದು ಎಂದು. ಅದೇ ತಿಂಗಳಲ್ಲಿ ತಯಾರಾದ ಸಾವಿರಾರು ಗಾಡಿಗಳಲ್ಲಿ ಇದು ಯಾವುದು ಎಂದು ಹೇಳಬೇಕಾದದ್ದು ಆ ತಿಂದುಹೋದ ಅಂಕಿ.

ಗುರುವಾರ ಕಚೇರಿಯಲ್ಲಿ ಹಿರಿಯರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಓದೀದೇನು?"

"ಇಲ್ಲ ಸರ್. ಈ ಗಾಡಿ ಮೊದಲು ನೋಂದಣಿ ಆಗಿದ್ದು ನಮ್ಮಲ್ಲೇ. ಪೆನ್ಸಿಲ್ ಅಚ್ಚು ಇರಬೇಕಲ್ಲ?"

ಹೊಸ ಗಾಡಿ ನೋಂದಣಿಗೆ ಬಂದಾಗ ಚಾಸಿ ನಂಬರಿನ ಮೇಲೆ ತೆಳ್ಳನೆಯ ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕುತ್ತಾರೆ. ಕಬ್ಬಿಣದ ಮೇಲಿನ ಅಕ್ಷರ ಇದ್ದದ್ದು ಇದ್ದಂತೆ ಕಾಗದದಲ್ಲಿ ಮೂಡುತ್ತದೆ. ಆ ಚೀಟಿಯನ್ನು ಅರ್ಜಿಗೆ ಅಂಟಿಸುತ್ತಾರೆ. ದಿನಕ್ಕೆ ಹತ್ತಾರು ಅಂಟಿಸುತ್ತೇವೆ, ಯಾರೂ ಮತ್ತೆ ನೋಡುವುದಿಲ್ಲ.

"ಹಳೇ ಫೈಲು ಹಿಂದಿನ ಖೋಲಿಯಾಗ ಅವ," ಎಂದರು ಹಿರಿಯರು. "ಗಂಟು ಬಿಚ್ಚಿ ನೋಡು. ಧೂಳು ಕುಡಿಯಾಕ ತಯಾರಾಗಿ ಹೋಗು."

ದಾಖಲೆ ನೋಡಿಕೊಳ್ಳುವ ಗುಮಾಸ್ತರು ಕೀಲಿ ಕೊಟ್ಟು, ಮುಖಕ್ಕೆ ಕಟ್ಟಿಕೊಳ್ಳಲು ತಮ್ಮ ಟವೆಲನ್ನೇ ಕೊಟ್ಟರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಛಾವಣಿಯವರೆಗೆ ಇದ್ದವು. ಮೂರು ತಾಸಿನ ಮೇಲೆ ಆ ತಿಂಗಳ ಗಂಟು ಸಿಕ್ಕಿತು, ಅದರಲ್ಲಿ ಆ ಮಾಸ್ತರರ ಅರ್ಜಿಯೂ ಸಿಕ್ಕಿತು. ಪುಟ ತಿರುಗಿಸಿದೆ. ಚೀಟಿ ಇರಬೇಕಾದ ಜಾಗದಲ್ಲಿ ಟೇಪಿನ ಹಳದಿ ಕಲೆ ಮಾತ್ರ ಇತ್ತು.

ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಗುಮಾಸ್ತರು ಬಾಗಿಲಲ್ಲಿ ಇಣುಕಿದರು.

"ಏನಾತವ್ವಾ?"

"ಚೀಟಿ ಉದುರಿ ಹೋಗ್ಯಾದ ರೀ."

"ಎಲ್ಲಿಗಿ ಹೋಗ್ತದ? ಬಟ್ಟಿಯಾಗ ಕಟ್ಟೀವಿ ಅಂದ್ರ ಗಂಟಿನ ತಳಕ್ಕೇ ಇರ್ತದ. ಝಾಡ್ಸು ಅದನ್ನ."

ಬಟ್ಟೆಯನ್ನು ಹಾಳೆಯ ಮೇಲೆ ಮೆಲ್ಲಗೆ ಕೊಡವಿದೆವು. ಸತ್ತ ಹುಳ, ಗುಂಡುಪಿನ್ನು, ಇಲಿ ಹಿಕ್ಕೆ, ಅದರ ಜೊತೆ ಒಣಗಿದ ಟೇಪಿನ ಹನ್ನೊಂದು ಚೀಟಿ. ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದೆ. ಏಳನೆಯದು ನಮ್ಮದು. ಹದಿನೇಳೂ ಗುರುತು ಪೂರ್ತಿ ಇದ್ದವು, ಕೊನೆಯ ಐದರಲ್ಲಿ ಮೂರನೆಯದು ಎಂಟು, ಎರಡೂ ಹೊಟ್ಟೆ ತುಂಬಿದ ಎಂಟು.

ಖುಷಿಯ ಜೊತೆಗೇ ಭಯವೂ ಬಂತು. ಉದುರಿ ಬಿದ್ದ ಚೀಟಿ ಇದು. ನೀವೇ ತಿಕ್ಕಿ ತಂದು ಇಟ್ಟದ್ದಲ್ಲ ಎಂದು ಏನು ಗ್ಯಾರಂಟಿ ಎಂದು ಸಾಹೇಬರು ಕೇಳಿದರೆ? ಬುಧವಾರದ ನಂತರ ಹಾಗೆ ಕೇಳುವ ಹಕ್ಕು ಅವರಿಗೆ ಇತ್ತು. ಚೀಟಿಯನ್ನು ಅರ್ಜಿಯ ಹಳದಿ ಕಲೆಯ ಮೇಲೆ ಇಟ್ಟು ನೋಡಿದೆ. ಆಗ ಕಂಡಿತು. ನಮ್ಮ ಕಚೇರಿಯಲ್ಲಿ ಅಚ್ಚು ಅಂಟಿಸಿದ ನಿರೀಕ್ಷಕರು ಅರ್ಧ ಸಹಿ ಚೀಟಿಯ ಮೇಲೆ, ಅರ್ಧ ಅರ್ಜಿಯ ಮೇಲೆ ಬೀಳುವಂತೆ ಹಾಕುತ್ತಾರೆ. ಆಗಿನ ನಿರೀಕ್ಷಕರು ನಿವೃತ್ತರಾಗಿ ಹೋಗಿದ್ದಾರೆ, ನಾನು ಅವರನ್ನು ಕಂಡವಳಲ್ಲ. ಚೀಟಿಯ ಅಂಚಿಗೆ ತುಂಡಾಗಿದ್ದ ನೀಲಿ ಶಾಯಿಯ ಗೆರೆ ಅರ್ಜಿಯ ಮೇಲಿನ ಗೆರೆಗೆ ಕೂದಲೆಳೆಯೂ ತಪ್ಪದೆ ಕೂಡಿಕೊಂಡಿತು. ಗುಮಾಸ್ತರನ್ನು ಕರೆದು ತೋರಿಸಿದೆ. ಹಿರಿಯರನ್ನೂ ಕರೆದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಫೈಲು ನಾನೇ ದಸ್ಕತ್ ಮಾಡಿ ಸೀಲ್ ಹಚ್ಚಿ ಕೊಡ್ತೀನಿ. ಒಬ್ಬಾಕೀನೇ ಒಯ್ಯಬ್ಯಾಡ," ಎಂದು ಗುಮಾಸ್ತರನ್ನು ಜೊತೆ ಮಾಡಿದರು.

ಶುಕ್ರವಾರ ಹತ್ತಕ್ಕೆ ಎಲ್ಲರೂ ಬೇವಿನ ಗಿಡದ ಕೆಳಗೆ ಸೇರಿದೆವು. ಗಾಡಿಯ ಮೇಲಿಂದ ಹೊಸದಾಗಿ ಪೆನ್ಸಿಲ್ ಅಚ್ಚು ತೆಗೆದೆ. ಹಳೆಯದರ ಪಕ್ಕ ಇಟ್ಟು ಭೂತಗನ್ನಡಿಯನ್ನು ಸಾಹೇಬರ ಕೈಗೇ ಕೊಟ್ಟೆ.

"ಅಂಕಿ ನೋಡಬ್ಯಾಡ್ರಿ ಸರ್, ಡೊಂಕು ನೋಡ್ರಿ. ಐದನೆಯ ಅಕ್ಷರ ಉಳಿದವಕ್ಕಿಂತ ಸ್ವಲ್ಪ ಕೆಳಗೆ ಕೂತಿದೆ. ಎರಡರಲ್ಲೂ. ಹದಿಮೂರನೆಯದರ ಮೇಲಿನ ಗೆರೆ ಎರಡು ಸಲ ಬಡಿದಂತೆ ಜೋಡಿ ಆಗಿದೆ. ಎರಡರಲ್ಲೂ. ಅಚ್ಚಿನ ಏಟು ಬಿದ್ದಾಗ ಆದ ಡೊಂಕು ಇದು. ಇನ್ನೊಂದು ಗಾಡಿಯಲ್ಲಿ ಇದೇ ಜಾಗಕ್ಕೆ ಇದೇ ಡೊಂಕು ಬರಲಿಕ್ಕೆ ಸಾಧ್ಯ ಇಲ್ಲ. ಈ ಕಬ್ಬಿಣ ಕತ್ತರಿಸಿ ಬೆಸುಗೆ ಹಾಕಿದ ಗುರುತೂ ಇಲ್ಲ."

ಅವರು ಬಹಳ ಹೊತ್ತು ನೋಡಿದರು. "ಅಚ್ಚು ಕೂಡ್ತದ, ಒಪ್ಪಿದೆ. ಆಸಿಡ್ ಹಾಕಿದ್ದು ಖರೆ ಅಲ್ಲೇನು? ಅಸಲಿ ಗಾಡಿ ನಂಬರಿಗೆ ಯಾರರ ಯಾಕ ಆಸಿಡ್ ಹಾಕ್ತಾರ?"

ಆ ಪ್ರಶ್ನೆಗೆ ಉತ್ತರ ಇಲ್ಲದೆ ವರದಿ ಕುಂಟುತ್ತಿತ್ತು. ತಿಂದುಹೋದ ಜಾಗವನ್ನು ಮತ್ತೆ ಟಾರ್ಚು ಮಲಗಿಸಿ ನೋಡಿದೆ. ಮಂಗಳವಾರ ಅಂಕಿಗಳನ್ನೇ ನೋಡಿದ್ದೆ, ಕಲೆಯನ್ನು ನೋಡಿರಲಿಲ್ಲ. ಕಲೆ ಉದ್ದಕ್ಕೆ ಹರಿದಿರಲಿಲ್ಲ. ಎರಡು ದುಂಡು ಕಲೆ, ಪಕ್ಕಪಕ್ಕ, ಒಂದೇ ಅಳತೆ. ಸುರಿದ ಆಸಿಡ್ ದುಂಡಗೆ ನಿಲ್ಲುವುದಿಲ್ಲ, ಇಳಿಜಾರಿಗೆ ಹರಿಯುತ್ತದೆ. ಪಿನ್ನಿನಿಂದ ಕೆರೆದೆ, ಕೆಂಪು ಮಿಶ್ರಿತ ಹಳದಿ ಹಕ್ಕಳೆ ಬಂತು. ಅದರ ಕೆಳಗೆ, ನೀರು ಹರಿಯುವ ಸಣ್ಣ ಗಟಾರಿನಲ್ಲಿ, ಒಣಗಿದ ಬೀಜ ಎರಡು.

"ಇದೇನು?" ಎಂದೆ.

ಕಾರಿನವನು ನೆಲ ನೋಡಿದ. ಅಕ್ಕ ಮುಂದೆ ಬಂದು ಬೀಜ ನೋಡಿದಳು.

"ನಿಂಬಿಹಣ್ಣಿನ ಬೀಜ ರೀ. ಅಮಾಸಿ ಪೂಜಿದು."

"ಪೂಜಿ ಗಾಲಿಗೆ ಮಾಡ್ತಾರ," ಎಂದರು ಸಾಹೇಬರು. "ಇಂಜಿನ್ ಒಳಗ ಯಾರು ಮಾಡ್ತಾರ?"

"ಗಾಲಿಗೂ ಮಾಡ್ತೀವಿ ರೀ. ಗಾಡಿ ಕೊಡೂ ಮುಂದ ಮಾಸ್ತರು ಬಾನೆಟ್ ಎತ್ತಿ ತೋರಿಸ್ಯಾರ. ಹೊರಗಿನ ನಂಬರು ಸರ್ಕಾರ ಇಟ್ಟದ್ದು, ಗಾಡಿ ಹುಟ್ಟಿದಾಗ ಇಟ್ಟ ಹೆಸರು ಇಲ್ಲೇ ಅದ ನೋಡ್ರಿ ಅಂದ್ರು. ಹುಟ್ಟಿದ ಹೆಸರು ಇದ್ದಲ್ಲೇ ಅಲ್ರೀ ಪೂಜಿ ಮಾಡೂದು? ತಂತಿ ಬ್ರಷ್ಷಿನಿಂದ ತಿಕ್ಕಿ, ನಿಂಬಿಹಣ್ಣು ಎರಡು ಹೋಳು ಮಾಡಿ, ಕುಂಕುಮ ತುಂಬಿ ಅದರ ಮ್ಯಾಲ ಬೋರಲ ಇಡ್ತೀನಿ. ಮ್ಯಾಲ ತೆಂಗಿನಕಾಯಿ ನೀರು. ಒಂದು ಅಮಾಸಿ ತಪ್ಪಿಸಿಲ್ಲ. ಮೀನಿನ ಬುಟ್ಟಿ ಸುದ್ದಾ ಈ ಗಾಡಿಯಾಗ ಹಾಕಾಂಗಿಲ್ಲ ನಾವು."

ಪೇದೆಯೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಸಾಹೇಬರು ನಗಲಿಲ್ಲ. ಎದುರಿನ ಚಹಾ ಅಂಗಡಿಯಿಂದ ನಿಂಬೆಹಣ್ಣು ತರಲು ಕಳಿಸಿದರು. ತಾವೇ ಕೊಯ್ದು, ಅಕ್ಕನ ಕೈಗೆ ಕೊಟ್ಟು, "ಹ್ಯಾಂಗ ಇಡ್ತೀಯವ್ವಾ, ಇಡು," ಎಂದರು. ಅವಳು ಯೋಚಿಸದೆ, ಕಣ್ಣು ಮುಚ್ಚಿದರೂ ತಪ್ಪದ ರೂಢಿಯಿಂದ, ಎರಡು ಹೋಳನ್ನು ಬೋರಲಾಗಿ ಒತ್ತಿದಳು. ಎರಡೂ ಹೋಳು ಆ ಎರಡು ಕಲೆಗಳ ಮೇಲೆ ಸರಿಯಾಗಿ ಕೂತವು.

"ಆಸಿಡ್ ಹೌದು ಸರ್," ಎಂದೆ. "ನಿಂಬೆಹಣ್ಣಿನದು. ಪ್ರತಿ ತಿಂಗಳು ಬಣ್ಣ ಕಿತ್ತು, ಹುಳಿ ಇಟ್ಟರೆ ಕಬ್ಬಿಣ ಉಳಿಯುವುದಿಲ್ಲ. ಆ ಎಂಟರ ಎಡಗಡೆ ಕಲೆಯ ಒಳಗೆ ಬಿದ್ದಿದೆ, ಬಲಗಡೆ ಹೊರಗೆ ಉಳಿದಿದೆ. ಅದಕ್ಕೇ ಮೂರರಂತೆ ಕಾಣ್ತದೆ."

"ಕೋರ್ಟಿಗೆ ಕರದ್ರ ಇದನ್ನೇ ಹೇಳ್ತೀರಿ?"

"ಹೇಳ್ತೀನ್ರಿ. ಮಂಗಳವಾರ ನಾನು ತಪ್ಪಿದ್ದೂ ವರದಿಯಲ್ಲಿ ಬರೀತೀನಿ. ಅದನ್ನೂ ಹೇಳ್ತೀನಿ."

ಅವರು ಭೂತಗನ್ನಡಿ ವಾಪಸು ಕೊಟ್ಟರು. "ಬರೀರಿ."

ಠಾಣೆಯ ಮೇಜಿನ ಮುಂದೆ ಕೂತು ಪರಿಶೀಲನಾ ಪ್ರಮಾಣಪತ್ರ ಬರೆದೆ, ಮೂರು ಪ್ರತಿ. ಒಂದೊಂದು ಗುರುತನ್ನೂ ಎರಡು ಸಲ ನೋಡಿ ಬರೆದೆ. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇತ್ತು. ಮೂರಕ್ಕೂ ಸಹಿ ಹಾಕಿದೆ. ಸಾಹೇಬರು ಓದಿ, ಗಾಡಿ ಬಿಟ್ಟುಕೊಡುವ ಪುಸ್ತಕದಲ್ಲಿ ಬರೆದು, ಕೀಲಿ ಮೇಜಿನ ಮೇಲೆ ಇಟ್ಟರು. "ತಪಾಸಣಿ ಕಾಗದ ಸೋಮವಾರ ಕಳಿಸ್ತೀನಿ. ನೌಕ್ರಿಗಿ ಹೋಗಪ್ಪ," ಎಂದರು ಕಾರಿನವನಿಗೆ. ಬುಧವಾರ ಮುಂಜಾನೆ ಜೀಪು ಕಳಿಸಿದ್ದರ ಬಗ್ಗೆ ಏನೂ ಹೇಳಲಿಲ್ಲ. ನಾನು ಹೇಳಿದೆ, ತಪ್ಪಾಯಿತು ಎಂದು. ಅವನು ತಲೆ ಆಡಿಸಿದ. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಪ್ರಮಾಣಪತ್ರದ ಪ್ರತಿಯನ್ನು ಅವನ ಕೈಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಅಕ್ಕ ಅದನ್ನು ಅವನ ಕೈಯಿಂದ ಎಳೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು.

"ಇದರಾಗ ನಮ್ ತಮ್ಮ ಕಳ್ಳ ಅಲ್ಲ ಅಂತ ಎಲ್ಲಿ ಬರದೀರಿ? ನನಗ ಓದಾಕ ಬರಾಂಗಿಲ್ಲ, ತೋರಸ್ರಿ."

'ಚಾಸಿ ಸಂಖ್ಯೆಯು ಮೂಲ ದಾಖಲೆಯೊಂದಿಗೆ ತಾಳೆಯಾಗಿದ್ದು, ತಿದ್ದಿದ ಕುರುಹು ಇರುವುದಿಲ್ಲ' ಎಂಬ ಸಾಲಿನ ಮೇಲೆ ಬೆರಳಿಟ್ಟೆ. ಅವಳು ನನ್ನ ಬೆರಳು ಸರಿಸಿ ತನ್ನ ಬೆರಳು ಇಟ್ಟು ಆ ಸಾಲನ್ನು ಅಳೆದಳು.

"ಇಷ್ಟ ಸಣ್ಣದೇನ್ರಿ? ಕಳ್ಳ ಅಂದಿದ್ದು ಇಡೀ ಓಣಿಗಿ ಕೇಳಿಸ್ಯಾದ. ಗಾಡಿಯಾಗ ಕೂಡ್ರಿ ಮೇಡಂ, ಬೋನಾಳಕ್ಕ ಹೋಗೂಣು. ನಮ್ ಮನಿ ಮುಂದ ನಿಂತು ನೀವೇ ಓದ್ರಿ ಇದನ್ನ. ಜೋರಾಗಿ ಓದಬೇಕು ಮತ್ತ."